‘ರೆಟ್ರೊ’ ಅಂದ್ರೆ ಯಾವ ರೆಟ್ರೊ?

‘ಅಕ್ಕಾ, ಪೋಸ್ಟರ್ ಸ್ವಲ್ಪ ರೆಟ್ರೊ ಥರ ಇರ್ಲಿ. ಹಂಗೇ ಫ್ಯೂಚರಿಸ್ಟಿಕ್ ಆಗೂ ಕಾಣ್ಬೇಕು.’

ಕಾಲೇಜುಗಳಲ್ಲಿ ಫೆಸ್ಟ್ ಸೀಸನ್ ಶುರುವಾಯಿತೆಂದರೆ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಡಿಗ್ರಿ ಮುಗಿಸಿ, ಒಂದು ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಾ, ಇನ್ನೊಂದು ಕಡೆ ಅರಸೀಕೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಡಿಸೈನ್ ಮಾಡುತ್ತಿರುವವಳು ನಾನು. ‘ಯಾವ ರೆಟ್ರೊ?’ ಎಂದು ಕೇಳಿದರೆ ಹುಡುಗರು ಮೊಬೈಲ್ ತೆಗೆದು ಚಿತ್ರಗಳನ್ನು ತೋರಿಸುತ್ತಾರೆ. ಒಂದರಲ್ಲಿ ನೇರಳೆ ಆಕಾಶ, ಅಡ್ಡಗೆರೆ ಬಿದ್ದ ಸೂರ್ಯ. ಇನ್ನೊಂದರಲ್ಲಿ ಮಳೆಯಲ್ಲಿ ನೆನೆದ ನಿಯಾನ್ ನಗರ. ಮತ್ತೊಂದರಲ್ಲಿ ಗುಲಾಬಿ ಹಿನ್ನೆಲೆ, ಅದರ ಮುಂದೆ ಅಮೃತಶಿಲೆಯ ಪ್ರತಿಮೆಯ ತಲೆ. ಮಗದೊಂದರಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳು. ‘ಎಲ್ಲಾ ಒಂದೇ ಥರ ಅಲ್ವಾಕ್ಕಾ?’

ಅಲ್ಲ. ಇವು ನಾಲ್ಕು ಬೇರೆ ಬೇರೆ ಶೈಲಿಗಳು. ಹುಟ್ಟಿದ ಕಾಲ ಬೇರೆ, ನೆನಪಿಸಿಕೊಳ್ಳುವ ಕಾಲ ಬೇರೆ, ನಾಳೆಯ ಬಗ್ಗೆ ಆಡುವ ಮಾತೂ ಬೇರೆ. ಹಾಗಂತ ಹುಡುಗರ ಪ್ರಶ್ನೆಗೆ ನಗುವಂತಿಲ್ಲ. ಬೇಲೂರು ನೋಡಿಕೊಂಡು ಹಳೇಬೀಡಿಗೆ ಬರುವ ಪ್ರವಾಸಿಗರೂ ಇದನ್ನೇ ಕೇಳುತ್ತಾರೆ: ‘ಎಲ್ಲಾ ಒಂದೇ ಥರ ಅಲ್ವಾ?’ ಒಂದನ್ನೊಂದು ಹೋಲುವ ಶೈಲಿಗಳನ್ನು ಬಿಡಿಸಿ ನೋಡುವ ವಿದ್ಯೆಯನ್ನು ನಾನು ಯೂಟ್ಯೂಬ್ ಪಾಠಗಳಿಗಿಂತ ಹೆಚ್ಚಾಗಿ ಕಲಿತದ್ದು ನಮ್ಮೂರಿನ, ಹಳೇಬೀಡಿನ, ಬೇಲೂರಿನ ಕಲ್ಲುಗಳಿಂದ. ಡಿಸೈನ್ ಕಲಿಯುತ್ತಿರುವವರಿಗೆ, ಕಲಿಯದಿದ್ದರೂ ಕಣ್ಣು ಚುರುಕು ಮಾಡಿಕೊಳ್ಳಬೇಕೆನ್ನುವವರಿಗೆ ಅದು ಉಪಯೋಗಕ್ಕೆ ಬರಬಹುದು.

ಮೊದಲು ನಾಲ್ಕು ಪದ

ವಿಂಟೇಜ್, ರೆಟ್ರೊ, ಫ್ಯೂಚರಿಸ್ಟಿಕ್, ರೆಟ್ರೊ–ಫ್ಯೂಚರಿಸ್ಟಿಕ್. ಈ ನಾಲ್ಕೂ ಪದಗಳು ಅಂಗಡಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಓಡಾಡುತ್ತವೆ.

ಎಚ್‌ಎಂಟಿ ಕೈಗಡಿಯಾರವನ್ನೇ ತೆಗೆದುಕೊಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಅದರ ತಯಾರಿಕೆ ಶುರುವಾಯಿತು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕೀಲಿ ಕೊಡುವ ಎಚ್‌ಎಂಟಿ ವಿಂಟೇಜ್. ಅದು ನಿಜವಾಗಿ ಹಳೆಯದು. ಇವತ್ತಿನ ಬ್ಯಾಟರಿ ಗಡಿಯಾರಕ್ಕೆ ಅದೇ ಡಯಲ್, ಅದೇ ಅಂಕಿಗಳನ್ನು ಕೊಟ್ಟರೆ ಅದು ರೆಟ್ರೊ. ವಸ್ತು ಹೊಸದು, ಮುಖ ಹಳೆಯದು. ಮುಂದಿನ ತಲೆಮಾರಿನ ಗಡಿಯಾರ ಹೀಗಿರಬಹುದು ಎಂದು ಇವತ್ತು ನಾವು ಊಹಿಸಿ ಬರೆದರೆ ಅದು ಫ್ಯೂಚರಿಸ್ಟಿಕ್. ಇನ್ನು ನಾಲ್ಕನೆಯದು ಇವುಗಳಲ್ಲೆಲ್ಲ ಸ್ವಾರಸ್ಯದ್ದು. ನಿನ್ನೆಯವರು ಕಂಡ ನಾಳೆಯನ್ನು ಇವತ್ತು ನಾವು ಎತ್ತಿಕೊಂಡರೆ ಅದು ರೆಟ್ರೊ–ಫ್ಯೂಚರಿಸ್ಟಿಕ್. 1962ರಲ್ಲಿ ಅಮೆರಿಕದ ಟಿ.ವಿಯಲ್ಲಿ ಬಂದ ‘ದಿ ಜೆಟ್ಸನ್ಸ್’ ಕಾರ್ಟೂನಿನಲ್ಲಿ ಜನ ಹಾರುವ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಆ ನಾಳೆ ಬರಲೇ ಇಲ್ಲ. ಬಾರದೇ ಹೋದ ಆ ನಾಳೆಯನ್ನು ಪೋಸ್ಟರಿನಲ್ಲಿ ಬರೆದಾಗ ನಾವು ಬರೆಯುವುದು ಭವಿಷ್ಯವನ್ನಲ್ಲ, ಒಂದು ಹಳೆಯ ಕನಸನ್ನು.

ಕಟ್ಟಡಕ್ಕೂ ಇದೇ ಲೆಕ್ಕ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವನ್ನು ನೋಡಿ. ಒಳಗಿರುವುದು ಪ್ರಜಾಪ್ರಭುತ್ವದ ಹೊಸ ಕಚೇರಿ. ಹೊರಗಿರುವುದು ದ್ರಾವಿಡ ದೇವಾಲಯಗಳ ಕಂಬ, ಬೋದಿಗೆ, ಶಿಖರಗಳ ನೆನಪು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದು ಎನ್ನುವಂತೆ ಕಾಣಬೇಕೆಂದು ಕೆಂಗಲ್ ಹನುಮಂತಯ್ಯನವರ ಸರ್ಕಾರ ಬೇಕೆಂದೇ ಹಿಂದಕ್ಕೆ ನೋಡಿ ಕಟ್ಟಿಸಿದ್ದು ಅದು. ಒಳ್ಳೆಯ ಅರ್ಥದಲ್ಲಿ ಅದು ರೆಟ್ರೊ.

ಬೇಲೂರಿನ ಚೆನ್ನಕೇಶವ ದೇವಾಲಯ ಹಾಗಲ್ಲ. ನಮಗೆ ಅದು ಹಳೆಯದು. 1117ರಲ್ಲಿ ವಿಷ್ಣುವರ್ಧನ ಅದನ್ನು ಪ್ರತಿಷ್ಠಾಪಿಸಿದಾಗ ಅದಕ್ಕಿಂತ ಹೊಸತು ಸುತ್ತಮುತ್ತ ಯಾವುದೂ ಇರಲಿಲ್ಲ. ಪ್ರತಿ ಹಳೆಯ ಶೈಲಿಯೂ ಒಂದು ಕಾಲದಲ್ಲಿ ಲೇಟೆಸ್ಟ್ ಆಗಿತ್ತು. ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಅರಸೀಕೆರೆ: ಅಲಂಕಾರ ಬಿಡಿ, ನಕ್ಷೆ ನೋಡಿ

ಅರಸೀಕೆರೆ ಅಂದರೆ ಹೊರಗಿನವರಿಗೆ ರೈಲ್ವೆ ಜಂಕ್ಷನ್, ಇಲ್ಲವೇ ಕೊಬ್ಬರಿ ಮಾರುಕಟ್ಟೆ. ಬೇಲೂರಿಗೆ ಹೋಗುವ ಅವಸರದಲ್ಲಿ ಇಲ್ಲಿಯ ಈಶ್ವರ ದೇವಾಲಯದ ಮುಂದೆ ಬಸ್ಸು ನಿಲ್ಲಿಸುವವರು ಕಡಿಮೆ. ಸುಮಾರು 1220ರಲ್ಲಿ, ಎರಡನೆಯ ವೀರಬಲ್ಲಾಳನ ಕಾಲದ ಕೊನೆಯಲ್ಲಿ ಕಟ್ಟಿದ್ದು. ಗಾತ್ರ ಚಿಕ್ಕದು. ಬೇಲೂರಿನ ಮದನಿಕೆಯರಂಥ ಹೆಸರಾಂತ ಶಿಲ್ಪಗಳೂ ಇಲ್ಲಿಲ್ಲ. ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದರೆ ‘ಇದೂ ಹೊಯ್ಸಳ’ ಅಂತ ಜನ ಮುಂದೆ ಹೋಗುತ್ತಾರೆ.

ಆದರೆ ಒಂದು ಹಾಳೆ, ಸ್ಕೇಲು ಹಿಡಿದು ಅದರ ತಳದ ಗೆರೆಯನ್ನು ಬರೆಯಲು ಕೂತು ನೋಡಿ. ಮುಂದಿನ ತೆರೆದ ಮಂಟಪಕ್ಕೆ ಹದಿನಾರು ಮೂಲೆಗಳ ನಕ್ಷತ್ರದ ನಕ್ಷೆ, ಮೇಲೆ ಗುಮ್ಮಟದಂತೆ ಏರುವ ಒಳಮಾಳಿಗೆ. ಹಿಂದಿನ ಗರ್ಭಗುಡಿಯದೂ ನಕ್ಷತ್ರವೇ, ಆದರೆ ಅದರ ಮೂಲೆಗಳು ಒಂದೇ ಬಗೆಯವಲ್ಲ, ಮೂರು ಬಗೆಯವು. ಮುಂದೆ ಸಮ ನಕ್ಷತ್ರ, ಹಿಂದೆ ವಿಷಮ ನಕ್ಷತ್ರ. ಹೊಯ್ಸಳರ ನೂರಾರು ಗುಡಿಗಳಲ್ಲಿ ಇದನ್ನು ವಿದ್ವಾಂಸರು ಬೇರೆಯಾಗಿ ಎತ್ತಿ ಹೇಳುವುದು ಶಿಲ್ಪಕ್ಕಾಗಿ ಅಲ್ಲ, ಈ ಜಟಿಲ ನಕ್ಷೆಗಾಗಿ.

ಕರ್ನಾಟಕದ ಈ ನಕ್ಷತ್ರಗಳ ಹಿಂದಿನ ಸೂತ್ರ ಸರಳ: ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತಾ ಹೋಗುವುದು. ಕೋರೆಲ್‌ಡ್ರಾದಲ್ಲಿ ಒಂದು ಚೌಕ ಬರೆಯಿರಿ. 22.5 ಡಿಗ್ರಿಯಂತೆ ತಿರುಗಿಸಿ ಮೂರು ನಕಲು ಮಾಡಿ. ನಾಲ್ಕು ಚೌಕ, ಹದಿನಾರು ಮೂಲೆ. ನನಗೆ ಇದು ಮೊದಲ ಸಲ ಸ್ಕ್ರೀನಿನ ಮೇಲೆ ಬಂದಾಗ ನಮ್ಮೂರಿನ ಗುಡಿಯ ಮೇಲಿನ ಗೌರವ ದುಪ್ಪಟ್ಟಾಯಿತು. ನಾನು ಮೌಸ್ ಹಿಡಿದು ನಾಲ್ಕು ಕ್ಲಿಕ್‌ನಲ್ಲಿ ಮಾಡಿದ್ದನ್ನು ಅವರು ನೆಲದ ಮೇಲೆ ಹಗ್ಗ ಹಿಡಿದು ಅಳೆದು, ಕಲ್ಲಿನಲ್ಲಿ ಎಬ್ಬಿಸಿದ್ದರು.

ಇಲ್ಲಿಂದ ಮೊದಲ ಪಾಠ: ಶೈಲಿ ಗುರುತಿಸುವಾಗ ಮೊದಲು ಬಣ್ಣ, ಹೂಬಳ್ಳಿ ನೋಡಬೇಡಿ. ಅಸ್ಥಿಪಂಜರ ನೋಡಿ. ಪೋಸ್ಟರಿನಲ್ಲಾದರೆ ದಿಗಂತದ ಗೆರೆ ಎಲ್ಲಿದೆ, ಆಕಾರಗಳು ಚೂಪೋ ದುಂಡೋ, ಅಕ್ಷರಗಳು ನಿಂತಿವೆಯೋ ಓಡುತ್ತಿವೆಯೋ, ಖಾಲಿ ಜಾಗ ಎಷ್ಟಿದೆ. ಬಣ್ಣವನ್ನು ಒಂದು ನಿಮಿಷದಲ್ಲಿ ಬದಲಿಸಬಹುದು. ಅಸ್ಥಿಪಂಜರ ಬದಲಿಸಿದರೆ ಶೈಲಿಯೇ ಬೇರೆಯಾಗುತ್ತದೆ. ನಾನಂತೂ ಯಾವ ಚಿತ್ರ ಬಂದರೂ ಮೊದಲು ಅದನ್ನು ಕಪ್ಪು–ಬಿಳುಪು ಮಾಡಿಯೇ ನೋಡುವುದು.

ಬೇಲೂರು: ಒಂದೇ ಆವರಣದಲ್ಲಿ ಮೂರು ಕಾಲ

ಬೇಲೂರಿಗೆ ಹೋದವರು ‘12ನೇ ಶತಮಾನದ ದೇವಸ್ಥಾನ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಧಾನವಾಗಿ ನೋಡಿದರೆ ಅಲ್ಲಿ ಒಂದರ ಮೇಲೊಂದು ಕೂತಿರುವ ಕಾಲಗಳು ಕಾಣುತ್ತವೆ.

ಮುಖ್ಯ ಗುಡಿ 1117ರದು. ಅದರ ಮಂಟಪ ಮೊದಲು ತೆರೆದಿತ್ತು. ಜಗತಿಯ ಮೇಲೆ ನಿಂತವರಿಗೆ ಒಳಗಿನ ಕಂಬಗಳು ನೇರವಾಗಿ ಕಾಣುತ್ತಿದ್ದವು. ನಾವಿಂದು ಮೆಚ್ಚಿ ಫೋಟೊ ತೆಗೆಯುವ ಕಲ್ಲಿನ ಜಾಲಂಧ್ರಗಳನ್ನು, ಅಂದರೆ ಕಿಂಡಿ ಗೋಡೆಗಳನ್ನು ಸುಮಾರು ಐವತ್ತು ವರ್ಷಗಳ ನಂತರ ಕೂಡಿಸಿ ಮಂಟಪವನ್ನು ಮುಚ್ಚಲಾಯಿತು. ಇನ್ನು ನಾವು ಒಳಗೆ ಕಾಲಿಡುವ ರಾಜಗೋಪುರವಂತೂ ಹೊಯ್ಸಳರದೇ ಅಲ್ಲ. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು. ಗೋಪುರದಿಂದ ಗುಡಿಯ ಮೆಟ್ಟಿಲಿಗೆ ಬರುವ ಹೊತ್ತಿಗೆ ನಾವು ಸುಮಾರು ಇನ್ನೂರ ಎಂಬತ್ತು ವರ್ಷ ಹಿಂದಕ್ಕೆ ನಡೆದಿರುತ್ತೇವೆ.

ಗುಡಿಯ ಮೆಟ್ಟಿಲಿನ ಎರಡೂ ಬದಿಯ ಪುಟ್ಟ ಗುಡಿಗಳನ್ನು ಗಮನಿಸಿ. ಅವುಗಳ ಶಿಖರ ‘ಭೂಮಿಜ’ ಎಂಬ ಬಗೆಯದು. ಅದು ಮಾಳವ, ಮಹಾರಾಷ್ಟ್ರದ ಕಡೆ ಬೆಳೆದ ರೂಪ. ದಕ್ಷಿಣದ ಶಿಲ್ಪಿ ಉತ್ತರದ ಒಂದು ರೂಪವನ್ನು ಎತ್ತಿ ತಂದು ತನ್ನ ಗುಡಿಯ ಬಾಗಿಲಲ್ಲಿ ಇಟ್ಟಿದ್ದಾನೆ. ಇವತ್ತಿನ ಡಿಸೈನರ್ ಭಾಷೆಯಲ್ಲಿ ಇದು ‘ರೆಫರೆನ್ಸ್’.

ಆ ಶಿಲ್ಪಿಗಳು ಯಾರು? ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ. ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದುಹೋದವರು. ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಸೀಮೆ. ಅಲ್ಲಿ ಕಲಿತ ಕೈ ಇಲ್ಲಿಗೆ ಬಂದು ಹೊಸತನ್ನು ಮಾಡಿತು. ಆದ್ದರಿಂದಲೇ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ 1112ರ ಮಹಾದೇವ ದೇವಾಲಯಕ್ಕೂ ಬೇಲೂರಿಗೂ ಅಣ್ಣ–ತಮ್ಮಂದಿರ ಹೋಲಿಕೆ. ಹೋಲಿಕೆ ಇದೆ ಎಂದರೆ ಒಂದೇ ಎಂದಲ್ಲ. ಒಂದರಿಂದ ಇನ್ನೊಂದು ಬಂದಿದೆ ಎಂದು.

ಹಾಸನದಿಂದ ಬೇಲೂರಿಗೆ ಬರುವವರಿಗೆ ಇನ್ನೂ ಸೊಗಸಾದ ಉದಾಹರಣೆ ದಾರಿಯಲ್ಲೇ ಇದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಮೂರು–ನಾಲ್ಕು ವರ್ಷವಷ್ಟೇ ಹಿರಿದು. ಆದರೆ ನಾಲ್ಕು ಗರ್ಭಗುಡಿಗಳಲ್ಲಿ ಮೂರರ ಮೇಲೆ ಕದಂಬ ನಾಗರ ಎಂದು ಕರೆಯುವ, ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಶಿಖರ. ಒಂದರ ಮೇಲೆ ಮಾತ್ರ ಕುಸುರಿ ತುಂಬಿದ ಹೊಸ ಬಗೆಯ ಶಿಖರ. ಒಂದೇ ಮಾಡಿನ ಕೆಳಗೆ ಹಳೆಯದೂ ಹೊಸದೂ ಒಟ್ಟಿಗೆ.

ಬೇಲೂರಿನ ಪಾಠ ಇಷ್ಟು: ಯಾವ ಚಿತ್ರ ಕಂಡರೂ ಎರಡು ಇಸವಿ ಕೇಳಿ. ಇದನ್ನು ಮಾಡಿದ್ದು ಯಾವಾಗ? ಇದು ತೋರಿಸುತ್ತಿರುವುದು ಯಾವ ಕಾಲವನ್ನು? ಈ ಎರಡರ ನಡುವಿನ ಅಂತರದಲ್ಲೇ ರೆಟ್ರೊ ಹುಟ್ಟುವುದು.

ಹಳೇಬೀಡು: ಕುಸುರಿ ಎಣಿಸಿ, ಕಲ್ಲು ಮುಟ್ಟಿ

ಬೇಲೂರಿನಿಂದ ಸುಮಾರು 16 ಕಿ.ಮೀ. ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಎಂಟು ಸಾಲು. 13ನೇ ಶತಮಾನದ ಸೋಮನಾಥಪುರಕ್ಕೆ ಹೋದರೆ ಆರೇ ಸಾಲು. ಅಲ್ಲಿ ಗೋಡೆಯ ಸೂರಿನ ಕೆಳಗೆ ಎರಡನೆಯ ಸೂರು, ಎರಡರ ನಡುವೆ ಪುಟ್ಟ ಶಿಖರಗಳ ಸಾಲು. ಬೇಲೂರಿನಲ್ಲಿ ಸೂರು ಒಂದೇ. ‘ಎಲ್ಲಾ ಒಂದೇ ಥರ’ ಎನ್ನುವವರಿಗೆ ನಾನು ಹೇಳುವುದು: ಸೂರು ಎಣಿಸಿ, ಸಾಲು ಎಣಿಸಿ. ಕಣ್ಣಿಗೆ ಮೋಸವಾಗಬಹುದು, ಎಣಿಕೆಗೆ ಆಗುವುದು ಕಷ್ಟ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರನ್ನೂ ಒಟ್ಟಾಗಿ. ಮೂರನ್ನೂ ಹೋಲಿಸಿ ನೋಡಲು ಇದಕ್ಕಿಂತ ನೆಪ ಬೇಕೆ?

ಹೊಯ್ಸಳೇಶ್ವರದಿಂದ ಸ್ವಲ್ಪ ದೂರ ನಡೆದರೆ ಬಸದಿಗಳು. 1133ರ ಪಾರ್ಶ್ವನಾಥ ಬಸದಿಯ ಹೊರಗೋಡೆ ಸಾದಾ. ಎಂಟು ಸಾಲಿನ ಕುಸುರಿ ನೋಡಿ ಬಂದವರಿಗೆ ‘ಇದು ಬೇರೆ ಯಾರದೋ ಕೆಲಸ’ ಅನ್ನಿಸುತ್ತದೆ. ಒಳಗೆ ಹೋದರೆ ಕನ್ನಡಿಯಂತೆ ಹೊಳೆಯುವ ಕಡೆದ ಕಂಬಗಳು. ಅದೇ ಊರು, ಅದೇ ಕಾಲ, ಅದೇ ಕೌಶಲ. ಅಲಂಕಾರ ಕಡಿಮೆಯಾದ ಮಾತ್ರಕ್ಕೆ ಶೈಲಿ ಬದಲಾಗುವುದಿಲ್ಲ. ಅಲಂಕಾರ ಹೆಚ್ಚಾದ ಮಾತ್ರಕ್ಕೆ ಶೈಲಿ ಬರುವುದೂ ಇಲ್ಲ.

ಈ ಹೊಳಪಿನ ಗುಟ್ಟು ಕಲ್ಲಿನಲ್ಲಿದೆ. ಬಾದಾಮಿ ಚಾಲುಕ್ಯರು ಐಹೊಳೆ, ಪಟ್ಟದಕಲ್ಲಿನಲ್ಲಿ ಬಳಸಿದ್ದು ಮರಳುಗಲ್ಲು. ಕಲ್ಯಾಣ ಚಾಲುಕ್ಯರು, ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಹಂಪಿಯವರು ಹೆಚ್ಚಾಗಿ ಬಳಸಿದ್ದು ಗಟ್ಟಿ ಗ್ರಾನೈಟು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಅದಕ್ಕೇ ಅದರಲ್ಲಿ ಒಡವೆಯ ಮಣಿಯನ್ನೂ ಬಿಡಿಸಬಹುದು, ಕಂಬವನ್ನು ತಿರುಗಿಸಿ ಕಡೆಯಲೂಬಹುದು. ಐಟಿಐನಲ್ಲಿ ಟರ್ನರ್ ಓದಿದ ನನ್ನ ಗೆಳತಿಯ ತಮ್ಮ ಆ ಕಂಬಗಳ ಉಂಗುರದಂಥ ಗೆರೆಗಳನ್ನು ನೋಡಿ, ‘ಅಕ್ಕಾ, ಇದು ನಮ್ ಲೇತ್ ಕೆಲ್ಸಾನೇ’ ಅಂದ. ಗ್ರಾನೈಟಿನಲ್ಲಿ ಈ ಕುಸುರಿ ತೆಗೆಯುವುದು ಸುಲಭವಲ್ಲ. ವಿಜಯನಗರದ ಗುಡಿಗಳ ಗತ್ತೇ ಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣ. ಶೈಲಿ ಎನ್ನುವುದು ಬರೀ ಅಭಿರುಚಿಯಲ್ಲ. ಕೈಗೆ ಸಿಕ್ಕ ವಸ್ತು, ಉಪಕರಣದ ಜೊತೆ ನಡೆದ ಮಾತುಕತೆ.

ಇಲ್ಲೇ ಇನ್ನೊಂದು ವಿಷಯ ಹೇಳಲೇಬೇಕು. ಹಳೇಬೀಡಿನ ಶಿಲ್ಪವೊಂದರ ಕೈಯಲ್ಲಿರುವುದು ‘ಪ್ಲಾನೆಟರಿ ಗಿಯರ್’, ಈ ಕಂಬಗಳು ಕಳೆದುಹೋದ ಯಾವುದೋ ಯಂತ್ರಯುಗದ ಸಾಕ್ಷಿ ಎನ್ನುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ನೋಡಲು ರೋಚಕವಾಗಿಯೇ ಇರುತ್ತವೆ. ಆದರೆ ಎರಡು ಇಸವಿಯ ಪ್ರಶ್ನೆಯನ್ನು ಇಲ್ಲೂ ಕೇಳಿ. ಗುಂಡಗಿನ, ಅಂಚಿಗೆ ಹಲ್ಲಿರುವ ವಸ್ತುವನ್ನು ಕಂಡ ಕೂಡಲೇ ‘ಗಿಯರ್’ ಎನ್ನುವುದು ಬೈಕು, ಕಾರು, ಕಾರ್ಖಾನೆ ನೋಡಿ ಬೆಳೆದ ನಮ್ಮ ಕಣ್ಣು. ನಮ್ಮ ಕಾಲದ ಯಂತ್ರವನ್ನು 12ನೇ ಶತಮಾನದ ಕೈಗೆ ಹಿಡಿಸುತ್ತಿದ್ದೇವೆ. ಅದು ಇತಿಹಾಸವಲ್ಲ, ರೆಟ್ರೊ–ಫ್ಯೂಚರಿಸಂ. ಕಥೆಯಾಗಿ, ಕಾಮಿಕ್ಸ್ ಆಗಿ ಬರೆದರೆ ನಾನೇ ಮೊದಲು ಓದುತ್ತೇನೆ. ಆದರೆ ಇತಿಹಾಸ ಎಂದು ನಂಬಿದರೆ ನಷ್ಟ ನಮಗೇ. ಎಲ್ಲವನ್ನೂ ಯಾವುದೋ ಅಜ್ಞಾತ ಯಂತ್ರ ಮಾಡಿತು ಎಂದ ಕ್ಷಣ ಕಲ್ಲಿನಲ್ಲಿ ಹೆಸರು ಬರೆದುಹೋದ ದಾಸೋಜ, ಚಾವಣರ ಕೈ ಮಾಯವಾಗುತ್ತದೆ. ತಿರುಗಣೆಯಲ್ಲಿ ಕಂಬ ಕಡೆಯುವ ಜಾಣ್ಮೆ ಅವರಿಗಿತ್ತು ಎನ್ನುವುದೇ ಸಾಕಷ್ಟು ದೊಡ್ಡ ಸುದ್ದಿ.

ಈಗ ಆ ಮೊಬೈಲ್ ಚಿತ್ರಗಳು

ನಕ್ಷೆ ನೋಡು, ಎರಡು ಇಸವಿ ಕೇಳು, ವಸ್ತು ಯಾವುದೆಂದು ಹುಡುಕು. ಈ ಮೂರರ ಜೊತೆ ನಾಲ್ಕನೆಯದಾಗಿ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಈ ಚಿತ್ರಕ್ಕೆ ನಾಳೆಯ ಬಗ್ಗೆ ಆಸೆಯಿದೆಯೋ, ಭಯವಿದೆಯೋ, ಬೇಸರವಿದೆಯೋ? ಹುಡುಗರು ತೋರಿಸಿದ ಚಿತ್ರಗಳನ್ನು ಇದರಲ್ಲಿ ಸೋಸೋಣ.

ನೇರಳೆ ಆಕಾಶ, ಪಟ್ಟೆ ಸೂರ್ಯ, ದಿಗಂತದವರೆಗೆ ಓಡುವ ಚೌಕುಳಿ ನೆಲ, ಕ್ರೋಮ್ ಅಕ್ಷರ: ಇದು ಸಿಂಥ್‌ವೇವ್. 2000ದ ದಶಕದಿಂದ ಈಚೆಗೆ ಬೆಳೆದದ್ದು, ನೆನಪಿಸಿಕೊಳ್ಳುವುದು 1980ರ ದಶಕವನ್ನು. 1982ರ ‘ಟ್ರಾನ್’ ಸಿನಿಮಾ, 1986ರಲ್ಲಿ ಸೆಗಾ ಕಂಪನಿ ತಂದ ‘ಔಟ್ ರನ್’ ಕಾರ್ ಗೇಮ್ ಇದರ ಹಿರಿಯರು. ಚಿತ್ರದಲ್ಲಿ ವೇಗವಿದೆ, ಉತ್ಸಾಹವಿದೆ.

ಗುಲಾಬಿ–ತಿಳಿನೀಲಿ, ಅಮೃತಶಿಲೆಯ ತಲೆ, ವಿಂಡೋಸ್ 95ರ ಕಿಟಕಿಗಳು, ಜಪಾನಿ ಅಕ್ಷರ: ಇದು ವೇಪರ್‌ವೇವ್. 2010ರ ದಶಕದ ಆರಂಭದಲ್ಲಿ ಇಂಟರ್‌ನೆಟ್ ಸಂಗೀತದ ಜೊತೆ ಹುಟ್ಟಿದ್ದು. 2011ರ ‘ಫ್ಲೋರಲ್ ಶಾಪ್’ ಆಲ್ಬಮ್ಮಿನ ಮುಖಪುಟ ಇದರ ಗುರುತಾಗಿಬಿಟ್ಟಿದೆ. ಸಿಂಥ್‌ವೇವ್ ಜೊತೆ ಗೊಂದಲವಾಗುವುದು ಬಣ್ಣದಿಂದ. ಕಪ್ಪು–ಬಿಳುಪು ಮಾಡಿ ನೋಡಿ, ವ್ಯತ್ಯಾಸ ಎದ್ದು ಬರುತ್ತದೆ. ಸಿಂಥ್‌ವೇವ್ ಓಡುತ್ತದೆ, ವೇಪರ್‌ವೇವ್ ನಿಂತಿರುತ್ತದೆ. ಮುಚ್ಚಿಹೋದ ಶಾಪಿಂಗ್ ಮಾಲಿನಲ್ಲಿ ಒಬ್ಬರೇ ನಿಂತಂಥ ವಿಷಾದ, ಜೊತೆಗೆ ಸ್ವಲ್ಪ ವ್ಯಂಗ್ಯ.

ಮಳೆ, ನಿಯಾನ್, ಗಗನಚುಂಬಿ ಕಟ್ಟಡಗಳ ನಡುವೆ ಇಕ್ಕಟ್ಟಿನ ಬೀದಿ: ಸೈಬರ್‌ಪಂಕ್. 1982ರ ‘ಬ್ಲೇಡ್ ರನ್ನರ್’ ಸಿನಿಮಾ, 1984ರಲ್ಲಿ ವಿಲಿಯಂ ಗಿಬ್ಸನ್ ಬರೆದ ‘ನ್ಯೂರೊಮ್ಯಾನ್ಸರ್’ ಕಾದಂಬರಿ ಇದರ ಅಡಿಪಾಯ. ನಿಯಾನ್ ಎರಡರಲ್ಲೂ ಇರುವುದರಿಂದ ಇದನ್ನೂ ಸಿಂಥ್‌ವೇವ್ ಎನ್ನುವವರಿದ್ದಾರೆ. ಸಿಂಥ್‌ವೇವ್‌ನಲ್ಲಿ ಖಾಲಿ ರಸ್ತೆ, ತೆರೆದ ಆಕಾಶ. ಸೈಬರ್‌ಪಂಕ್‌ನಲ್ಲಿ ಆಕಾಶವೇ ಕಾಣುವುದಿಲ್ಲ. ತಂತ್ರಜ್ಞಾನ ಬೆಳೆದಿದೆ, ಬಡವನ ಬದುಕು ಬೆಳೆದಿಲ್ಲ ಎನ್ನುವ ಭಯ ಅದರ ಜೀವ.

ಹಿತ್ತಾಳೆ, ಚರ್ಮ, ಹಲ್ಲುಚಕ್ರ, ಉಗಿ: ಸ್ಟೀಮ್‌ಪಂಕ್. ಹೆಸರು ಕೊಟ್ಟವರು ಲೇಖಕ ಕೆ.ಡಬ್ಲ್ಯು. ಜೀಟರ್, 1987ರಲ್ಲಿ. ಪೆಟ್ರೋಲು, ಕರೆಂಟು ಗೆಲ್ಲದೆ ಉಗಿಯೇ ಗೆದ್ದಿದ್ದರೆ ಜಗತ್ತು ಹೇಗಿರುತ್ತಿತ್ತು ಎನ್ನುವ ಕಲ್ಪನೆ. ರೈಲ್ವೆ ಜಂಕ್ಷನ್ ಊರಿನವರಾದ ನಮಗೆ ಇದು ಬೇಗ ಹತ್ತಿರವಾಗುತ್ತದೆ. ಆದರೆ ಚಿನ್ನದ ಬಣ್ಣ ಕಂಡ ಕೂಡಲೇ ಸ್ಟೀಮ್‌ಪಂಕ್ ಎನ್ನಬೇಡಿ. ಕಿರಣದಂತೆ ಹರಡಿದ ಗೆರೆಗಳು, ಅಂಕುಡೊಂಕಿನ ಪಟ್ಟಿಗಳು, ಎತ್ತರಕ್ಕೆ ಎಳೆದ ಅಕ್ಷರಗಳಿದ್ದರೆ ಅದು ಆರ್ಟ್ ಡೆಕೊ. 1925ರ ಪ್ಯಾರಿಸ್ ಪ್ರದರ್ಶನದಿಂದ ಜಗತ್ತಿಗೆ ಹಬ್ಬಿದ್ದು. ಮುಂಬೈನ ಮರೀನ್ ಡ್ರೈವ್ ಕಟ್ಟಡಗಳಲ್ಲಿ ನೋಡಬಹುದು. ಬೇಲೂರಿನಂತೆ ಅದೂ ತನ್ನ ಕಾಲಕ್ಕೆ ನಿಜವಾದ ಹೊಸತಾಗಿತ್ತು. ಸ್ಟೀಮ್‌ಪಂಕ್ ಹುಟ್ಟುವಾಗಲೇ ಹಿಂದಕ್ಕೆ ತಿರುಗಿತ್ತು.

ಇತ್ತೀಚೆಗೆ ಹೆಚ್ಚು ಕೇಳಿಬರುವ ಇನ್ನೊಂದು ಜೋಡಿ ವೈಟುಕೆ ಮತ್ತು ಫ್ರುಟಿಗರ್ ಏರೊ. ಹೊಸ ಸಹಸ್ರಮಾನ ಬರುತ್ತಿದ್ದಾಗಿನ ಸಂಭ್ರಮ ವೈಟುಕೆ: ಪಾದರಸದಂಥ ಬೆಳ್ಳಿ, ಗುಳ್ಳೆಯಾಕಾರ, ಒಳಗೆಲ್ಲ ಕಾಣುವ ಬಣ್ಣದ ಪ್ಲಾಸ್ಟಿಕ್. 1998ರ ಐಮ್ಯಾಕ್ ನೆನಪಿಸಿಕೊಳ್ಳಿ. ಅದರ ನಂತರದ್ದು ಫ್ರುಟಿಗರ್ ಏರೊ: ಹಸಿರು ಹುಲ್ಲು, ನೀರಹನಿ, ಗಾಜಿನಂಥ ಬಟನ್. 2007ರ ವಿಂಡೋಸ್ ವಿಸ್ತಾ ಅದರ ಮುಖ. 2013ರಲ್ಲಿ ಆ್ಯಪಲ್ ಐಓಎಸ್ 7 ತಂದಾಗ ಎಲ್ಲವೂ ಚಪ್ಪಟೆಯಾಯಿತು, ಆ ಹೊಳಪು ಹಿಂದೆ ಸರಿಯಿತು. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕೂತ ನಮ್ಮ ತಲೆಮಾರಿಗೆ ಇದನ್ನು ಕಂಡರೆ ಒಳಗೇನೋ ಮಿಡಿಯುತ್ತದೆ. ಪ್ರಕೃತಿ, ತಂತ್ರಜ್ಞಾನ ಎರಡೂ ಕೈಹಿಡಿದು ನಡೆಯುತ್ತವೆ ಎಂದು ಆ ಚಿತ್ರಗಳು ಮಾತು ಕೊಟ್ಟಿದ್ದವು.

ನಮ್ಮದೇ ರೆಟ್ರೊ ಎಲ್ಲಿ?

ಇಷ್ಟೆಲ್ಲ ಬಿಡಿಸಿ ನೋಡುವುದು ಯಾಕೆ? ಒಂದು ಕಾರಣ ಅಕ್ಷರಶಃ ಅಕ್ಷರದ್ದು. ಈ ಶೈಲಿಗಳೆಲ್ಲ ಇಂಗ್ಲಿಷ್ ಲಿಪಿಗೆ ಹುಟ್ಟಿದವು. ಕ್ರೋಮ್ ಅಕ್ಷರದ ನಡುವೆ ಒಂದು ಕಪ್ಪು ದಿಗಂತದ ಗೆರೆ ಹಾಯುತ್ತದಲ್ಲ, ಇಂಗ್ಲಿಷಿನ ದೊಡ್ಡಕ್ಷರಗಳ ಎತ್ತರ ಒಂದೇ ಆದ್ದರಿಂದ ಅದು ನೇರವಾಗಿ ಕೂರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಡೀ ಪದಕ್ಕೆ ಒಟ್ಟಾಗಿ ಗ್ರೇಡಿಯೆಂಟ್ ಕೊಟ್ಟರೆ ಗೆರೆ ತಪ್ಪಿದ ಜಾಗದಲ್ಲಿ ಬಂದು ಕೂರುತ್ತದೆ. ಮೂಲಾಕ್ಷರದ ಹೊಟ್ಟೆಯನ್ನು ಲೆಕ್ಕ ಹಿಡಿದು ಗೆರೆ ಕೂರಿಸಬೇಕು, ಒತ್ತಿಗೆ ಬೇರೆ ನೆರಳು ಕೊಡಬೇಕು. ವೇಪರ್‌ವೇವ್‌ನಂತೆ ಅಕ್ಷರಗಳನ್ನು ದೂರ ದೂರ ಇಡುವಾಗಲೂ ಒತ್ತು, ಕಾಗುಣಿತ ಮೂಲಾಕ್ಷರದಿಂದ ಕಳಚಿಕೊಳ್ಳದಂತೆ ನೋಡಿಕೊಳ್ಳಬೇಕು. ಇದಕ್ಕೆ ಸಿದ್ಧ ಟೆಂಪ್ಲೇಟ್ ಇಲ್ಲ. ನಾವೇ ಮಾಡಬೇಕು. ದಾಸೋಜ ಭೂಮಿಜ ಶಿಖರವನ್ನು ತಂದಂತೆ ತರೋಣ, ಆದರೆ ನಮ್ಮ ಕಲ್ಲಿಗೆ ಹೊಂದಿಸಿಕೊಂಡು.

ಇನ್ನೊಂದು ಕಾರಣ, ನಮ್ಮ ಹಳತು ನಮಗೆ ಕಾಣದೇ ಹೋಗುವುದು. ಕೈಯಲ್ಲಿ ಬರೆದ ಸಿನಿಮಾ ಪೋಸ್ಟರಿನ ದಪ್ಪಕ್ಷರ, ಲಾರಿ ಹಿಂದಿನ ನೆರಳು ಕೊಟ್ಟ ಅಕ್ಷರ, ಕೆಂಪು ಬಸ್ಸಿನ ಬೋರ್ಡು, 1998ರಲ್ಲಿ ಬಂದ ‘ಬರಹ’ ತಂತ್ರಾಂಶದ ಕಾಲದ ಮದುವೆ ಪತ್ರಿಕೆ. ಕನ್ನಡದ ರೆಟ್ರೊ ಇಲ್ಲಿದೆ. ಮಯಾಮಿಯ ತಾಳೆಮರ ಹಾಕುವ ಜಾಗದಲ್ಲಿ ಅರಸೀಕೆರೆಯ ತೆಂಗು ಹಾಕಿದರೆ ಸೂರ್ಯನಿಗೇನೂ ಬೇಸರವಾಗುವುದಿಲ್ಲ.

ಕೆಲಸ ಹುಡುಕುವವರಿಗೆ

ಎಐ ಟೂಲಿಗೆ ‘ರೆಟ್ರೊ ಫ್ಯೂಚರಿಸ್ಟಿಕ್ ಪೋಸ್ಟರ್’ ಎಂದಷ್ಟೇ ಹೇಳಿ ನೋಡಿ. ನನಗೆ ಹೆಚ್ಚಾಗಿ ಬರುವುದು ಅದೇ ನೇರಳೆ ಕಲಸುಮೇಲೋಗರ. ಅದನ್ನು ಯಾರು ಬೇಕಾದರೂ ಮಾಡಿಸಬಹುದು, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಬೇಕಾದದ್ದು ಯಾವ ದಶಕ, ಯಾವ ವಸ್ತು, ಯಾವ ಭಾವ ಎಂದು ಹೇಳಬಲ್ಲವರಿಗೆ ಮಾತ್ರ ಯಂತ್ರವೂ ಸರಿಯಾಗಿ ದುಡಿಯುತ್ತದೆ. ಹೆಸರು ಗೊತ್ತಿರುವುದೂ ಒಂದು ಕೌಶಲ. ಇಂಟರ್‌ವ್ಯೂನಲ್ಲಿ ‘ಇದು ಚೆನ್ನಾಗಿದೆ’ ಎನ್ನುವ ಅಭ್ಯರ್ಥಿಗೂ ‘ಇದು ಸೈಬರ್‌ಪಂಕ್, ನಿಮ್ಮ ಮಕ್ಕಳ ಶಾಲೆಯ ಜಾಹೀರಾತಿಗೆ ಈ ಭಯ ಬೇಡ, ಏರೊ ಶೈಲಿಯ ಹಸಿರು–ನೀಲಿ ಹೊಂದುತ್ತದೆ’ ಎನ್ನುವ ಅಭ್ಯರ್ಥಿಗೂ ವ್ಯತ್ಯಾಸವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ, ಪ್ರವಾಸಿ ಗೈಡ್ ಆಗಬೇಕೆನ್ನುವವರಿಗೂ ಮಾತು ಅದೇ. ಇಸವಿ ಉರು ಹೊಡೆದದ್ದು ಮರೆತುಹೋಗುತ್ತದೆ. ಎಣಿಸಿ, ಹೋಲಿಸಿ, ಬರೆದು ನೋಡಿದ್ದು ಉಳಿಯುತ್ತದೆ.

ಇದಕ್ಕೆ ಕೋರ್ಸ್ ಫೀಸು ಬೇಕಿಲ್ಲ. ಒಂದು ಭಾನುವಾರ, ಒಂದು ನೋಟ್‌ಬುಕ್, ಬಸ್ ಚಾರ್ಜು ಸಾಕು. ಬೆಳಿಗ್ಗೆ ಅರಸೀಕೆರೆಯಲ್ಲಿ ನಕ್ಷತ್ರದ ಮೂಲೆ ಎಣಿಸಿ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗಿ ಪಟ್ಟಿಕೆ ಎಣಿಸಿ, ಸಂಜೆಗೆ ಬೇಲೂರಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಗುರುತು ಹಾಕಿ. ಹತ್ತಿರದಲ್ಲಿ ಹೊಯ್ಸಳರ ಗುಡಿಯಿಲ್ಲದವರು ತಮ್ಮೂರಿನ ಹಳೆಯ ಚಿತ್ರಮಂದಿರವನ್ನೋ, ಅಂಗಡಿ ಬೀದಿಯ ಬೋರ್ಡುಗಳನ್ನೋ ಹೀಗೇ ನೋಡಬಹುದು. ಆಮೇಲೆ ಮೊಬೈಲ್ ತೆಗೆದು ಯಾವ ಪೋಸ್ಟರ್ ನೋಡಿದರೂ ಕಣ್ಣು ತಾನಾಗಿ ಕೇಳತೊಡಗುತ್ತದೆ: ಯಾರ ನಿನ್ನೆ ಇದು, ಯಾರ ನಾಳೆ?